ಮೂಡಲಗಿಯಿಂದ ಮಿರಜಕ್ಕೆ ಅರ್ಧ ತಾಸು

ನಮ್ಮ ಸೀಮೆಯಲ್ಲಿ ಮೊದಲು ದೂರವನ್ನು ರೊಟ್ಟಿಯಿಂದ ಅಳೆಯುತ್ತಿದ್ದರು. ಮೂಡಲಗಿಯಿಂದ ಗೋಕಾಕ ಎಷ್ಟು ದೂರ ಎಂದು ನನ್ನ ಅಜ್ಜಿಯನ್ನು ಕೇಳಿದರೆ ಆಕೆ ಮೈಲಿನ ಮಾತನ್ನಾಗಲಿ ಹರದಾರಿಯ ಮಾತನ್ನಾಗಲಿ ಆಡುತ್ತಿರಲಿಲ್ಲ. ‘ಒಂದ ಬುತ್ತಿ’ ಎಂದುಬಿಡುತ್ತಿದ್ದಳು. ಹುಕ್ಕೇರಿಗೆ ಎರಡು ಬುತ್ತಿ. ಅಂದರೆ ನಸುಕಿನಲ್ಲಿ ಅರಿವೆಯಲ್ಲಿ ಕಟ್ಟಿಕೊಂಡ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ, ಇಷ್ಟನ್ನು ಒಮ್ಮೆ ಹಳ್ಳದ ದಂಡೆಯ ಬೇವಿನ ನೆರಳಿನಲ್ಲಿ ಬಿಚ್ಚಬೇಕು, ಮತ್ತೊಮ್ಮೆ ಎತ್ತುಗಳ ನೊಗ ಇಳಿಸಿ ಯಾವುದಾದರೂ ಗುಡಿಯ ಕಟ್ಟೆಯ ಮೇಲೆ ಬಿಚ್ಚಬೇಕು. ಆಗ ಊರು ಬರುತ್ತದೆ. ಮಿರಜ, ಕೊಲ್ಲಾಪುರಗಳಂಥ ಊರುಗಳಿಗೆ ಮೆತ್ತನೆಯ ರೊಟ್ಟಿ ಸಲ್ಲದು, ಎಂಟು ದಿನ ಕೆಡದ ಖಡಕ್ ರೊಟ್ಟಿಯೇ ಬೇಕು. ಮುಂಬಯಿ ಎಷ್ಟು ಬುತ್ತಿಯ ದಾರಿ ಎಂದು ನಾನೊಮ್ಮೆ ಕೇಳಿದಾಗ ಅಜ್ಜಿ ಬಹಳ ಹೊತ್ತು ಯೋಚಿಸಿ, ‘ಅಷ್ಟ ದೂರ ಹೋದಾಂವಗ ಹಸಿವಿ ಆಗೂದಿಲ್ಲೊ ತಮ್ಮಾ’ ಎಂದಿದ್ದಳು.

ಆ ಅಳತೆಯಲ್ಲಿ ಒಂದು ದಯೆಯಿತ್ತು. ದೂರವನ್ನು ಮನುಷ್ಯನ ಹೊಟ್ಟೆಯಿಂದಲೂ ಎತ್ತಿನ ಕಾಲಿನಿಂದಲೂ ಅಳೆದಾಗ, ಯಾವ ಊರೂ ತಾನಿರುವುದಕ್ಕಿಂತ ಹತ್ತಿರ ಕಂಡು ನಮ್ಮನ್ನು ಮೋಸಗೊಳಿಸುತ್ತಿರಲಿಲ್ಲ. ಈಗ ಹಾಗಿಲ್ಲ. ಹುಕ್ಕೇರಿಯಲ್ಲಿ ನಾನು ಕ್ಷೌರಕ್ಕೆ ಹೋಗುವ ಅಂಗಡಿಗೆ ಎರಡು ದಿನ ಹಳೆಯದಾದ ಒಂದು ಪತ್ರಿಕೆ ಬರುತ್ತದೆ. ಲಡಾಯಿ ಮುಗಿದಂದಿನಿಂದ ಅದರ ಒಳಪುಟದಲ್ಲಿ ವಿಮಾನಗಳ ಸುದ್ದಿಯೇ ಸುದ್ದಿ: ಇಂಥ ಪಟ್ಟಣದಿಂದ ಇಂಥ ಪಟ್ಟಣಕ್ಕೆ ಇಷ್ಟು ಮೈಲು, ಹಾರಿಹೋಗಲು ಇಷ್ಟು ತಾಸು. ಗಿರಾಕಿಗಳು ಅದನ್ನು ಗಟ್ಟಿಯಾಗಿ ಓದಿ ಬೆರಗಾಗುತ್ತಾರೆ, ಒಬ್ಬರ ತೊಡೆ ಒಬ್ಬರು ತಟ್ಟುತ್ತಾರೆ. ನಾನು ಕೊರಳಿಗೆ ಸುತ್ತಿದ ಬಟ್ಟೆಯೊಳಗೆ ಕೈಗಳನ್ನು ಬಿಗಿಹಿಡಿದು ಕೂತಿರುತ್ತೇನೆ. ಗೆಳೆಯ, ನಿನಗೂ ಆ ಪಟ್ಟಿ ಬೆರಗಿನದೇ ಇರಬಹುದು. ನನಗೆ ಅದರಲ್ಲಿ ಕೇಳಿಸುವುದು ಒಂದು ಹುಡುಗಿ ಉಸಿರೆಳೆಯುವ ಸಪ್ಪಳ. ಯಾಕೆಂದು ಹೇಳುತ್ತೇನೆ. ಹೇಳಿದರೆ ಎದೆ ಹಗುರಾದೀತೆಂಬ ಆಸೆಯಿಂದಲ್ಲ. ಆ ಆಸೆ ಮುಗಿದು ಕೆಲವು ತಿಂಗಳುಗಳಾದವು.

ಹನ್ನೆರಡು ವರ್ಷಗಳ ಕೆಳಗೆ ನಾನು ಮೂಡಲಗಿಯ ಸಾಲೆಯಲ್ಲಿ ಮಾಸ್ತರನಾಗಿದ್ದೆ. ಆಗ ನನಗೆ ಎರಡು ಹೆಮ್ಮೆಗಳಿದ್ದವು. ಊರಿನಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ ಎಂಬುದೊಂದು. ಅದು ಪುಸ್ತಕದಲ್ಲಿ ಕಲಿತ ಇಂಗ್ಲಿಷ್, ಒಬ್ಬ ಸಾಹೇಬನ ಮುಂದೆಯೂ ಬಾಯಿಂದ ಹೊರಬಿದ್ದು ಪರೀಕ್ಷೆಗೊಳಗಾದದ್ದಲ್ಲ. ಪರೀಕ್ಷೆಗೊಳಗಾಗದ ವಿದ್ಯೆಯ ಮೇಲೆ ಹೆಮ್ಮೆ ಹೆಚ್ಚು. ಇನ್ನೊಂದು, ನಾನು ಕಲಿಸುತ್ತಿದ್ದ ವೇಗ-ಕಾಲ-ದೂರದ ಲೆಕ್ಕಗಳು. ಬೇರೆ ಮಾಸ್ತರರು ಎತ್ತಿನ ಗಾಡಿ, ಉಗಿಬಂಡಿಗಳಲ್ಲೇ ತೃಪ್ತರಾಗಿದ್ದಾಗ ನಾನು ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ವಿಮಾನದ ಲೆಕ್ಕ ಹಾಕುತ್ತಿದ್ದೆ. ಯಾರೂ ವಿಮಾನವನ್ನು ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಆದರೂ ಕರಿಹಲಗೆಯ ಮೇಲೆ ಅದು ಕರಾಚಿಯಿಂದ ಹೊರಟು ತಾಸಿಗೆ ಎಂಬತ್ತು ಮೈಲಿನಂತೆ ಮುಂಬಯಿಗೆ ಬರುತ್ತಿತ್ತು. ಸೀಮೆಸುಣ್ಣ ಹಿಡಿದ ನನಗೆ ನಾನೇ ಅದನ್ನು ನಡೆಸುತ್ತಿದ್ದೇನೆಂಬ ಭಾವ.

ಆ ತರಗತಿಯಲ್ಲಿ ನೀಲವ್ವ ಎಂಬ ಹುಡುಗಿಯಿದ್ದಳು. ಒಂಬತ್ತು ವರ್ಷದವಳು, ಸಿದ್ರಾಮ ಮತ್ತು ತಂಗೆವ್ವ ಎಂಬ ಒಕ್ಕಲು ದಂಪತಿಗಳ ಹಿರಿಯ ಮಗಳು. ಅವರಿಗೆ ಕಾಲುವೆಯ ನೀರು ತಾಗುವ ಒಂದಿಷ್ಟು ಕಬ್ಬಿನ ಹೊಲ, ಒಂದು ಜೋಡಿ ಎತ್ತು, ತೊಟ್ಟಿಲಲ್ಲಿ ಇನ್ನೊಂದು ಹೆಣ್ಣು ಕೂಸು. ಹೆಣ್ಣುಮಕ್ಕಳನ್ನು ನಾಲ್ಕನೆಯ ಇಯತ್ತೆಯವರೆಗೆ ಸಾಲೆಗೆ ಕಳಿಸುವುದು ಆಗ ಅಪರೂಪ. ತಂಗೆವ್ವ ಹಟ ಹಿಡಿದು ಕಳಿಸುತ್ತಿದ್ದಳು. ನೀಲವ್ವ ಲೆಕ್ಕವನ್ನು ಪಾಟಿಯ ಮೇಲೆ ಬರೆಯುವುದಕ್ಕಿಂತ ಮೊದಲು ಕಣ್ಣು ಮುಚ್ಚಿ ನೋಡುತ್ತಿದ್ದಳು, ಆಮೇಲೆ ಉತ್ತರವನ್ನಷ್ಟೇ ಬರೆಯುತ್ತಿದ್ದಳು. ಒಂದು ದಿನ ನಾನು ವಿಮಾನದ ಲೆಕ್ಕ ಹಾಕಿದಾಗ ಉತ್ತರ ಬರೆದಿಟ್ಟು, ಎದ್ದು ನಿಂತು, ‘ಮಾಸ್ತರ್ರ, ವಿಮಾನ ನಮ್ಮೂರ ಮ್ಯಾಲ ಹೊಂಟ್ರ ಎಷ್ಟೊತ್ತಿನ ತನಕಾ ಕಾಣಸ್ತೈತ್ರಿ?’ ಎಂದು ಕೇಳಿದಳು. ಪುಸ್ತಕದಲ್ಲಿ ಇಲ್ಲದ ಪ್ರಶ್ನೆ. ಅದು ಎಷ್ಟು ಎತ್ತರದಲ್ಲಿ ಹಾರುತ್ತದೆ, ಕಣ್ಣು ಎಷ್ಟು ದೂರ ಹರಿಯುತ್ತದೆ ಎಂದೆಲ್ಲ ತಡವರಿಸಿ, ಬಂದಾಗ ನೋಡೋಣ ಎಂದು ಅವಳನ್ನು ಕೂರಿಸಿದೆ. ಹುಡುಗರು ನಕ್ಕರು. ಆಕೆಯೂ ನಕ್ಕಳು.

ಚಳಿ ಆಗಷ್ಟೇ ಬಿದ್ದಿತ್ತು, ಗಾಣಗಳು ಶುರುವಾಗಿದ್ದವು. ನೀಲವ್ವ ನಾಲ್ಕು ದಿನ ಸಾಲೆಗೆ ಬರಲಿಲ್ಲ. ಮೊದಲು ನೆಗಡಿ ಎಂದರು, ಆಮೇಲೆ ಗಂಟಲು ಬಾವು ಎಂದರು. ಬೆಲ್ಲ ಸುಣ್ಣ ಹಚ್ಚಿದರು, ಬೇವಿನ ತೊಪ್ಪಲು ಕಟ್ಟಿದರು. ಸಂತೆಯ ದಿನ ಗೋಕಾಕದಿಂದ ಒಬ್ಬ ಡಾಕ್ಟರರು ಬರುವ ರೂಢಿಯಿತ್ತು. ಅವರು ಚಮಚದ ಹಿಡಿಯಿಂದ ಹುಡುಗಿಯ ನಾಲಗೆ ಒತ್ತಿ, ಗಂಟಲಲ್ಲಿ ಬೆಳ್ಳಗೆ ಪೊರೆ ಕಟ್ಟಿದ್ದನ್ನು ಕಂಡು, ಅದು ಗಂಟಲಮಾರಿ ಎಂದರು. ತಮ್ಮ ಹತ್ತಿರ ಅದಕ್ಕೆ ಮದ್ದಿಲ್ಲ, ಗೋಕಾಕದಲ್ಲೂ ಸಿಕ್ಕುವುದಿಲ್ಲ, ಮಿರಜದ ದೊಡ್ಡ ದವಾಖಾನೆಯಲ್ಲಿ ಇದಕ್ಕೊಂದು ಸೂಜಿಮದ್ದು ಇದೆ, ತಡಮಾಡದೆ ಒಯ್ಯಿರಿ, ನಾಳೆಯ ರಾತ್ರಿಯವರೆಗೂ ಕಾಯಬೇಡಿರಿ ಎಂದು ಹೇಳಿ ಹೋದರು.

ಮಿರಜಕ್ಕೆ ಒಯ್ಯುವುದೆಂದರೆ ಮೊದಲು ಗಾಡಿಯಲ್ಲಿ ಐದು ಹರದಾರಿ, ಅಂದರೆ ಹದಿನೈದು ಮೈಲು, ನಡೆದು ಘಟಪ್ರಭೆಯ ಟೇಶನ್ನು ಮುಟ್ಟಬೇಕು, ಅಲ್ಲಿ ಉಗಿಬಂಡಿಗೆ ಕಾಯಬೇಕು. ಸಿದ್ರಾಮ ಹಿಂದಿನ ದಿನವೇ ಬೆಲ್ಲ ಹೇರಿಕೊಂಡು ಹುಕ್ಕೇರಿಗೆ ಹೋಗಿದ್ದ. ಮನೆಯ ಗಾಡಿ, ಮನೆಯ ಎತ್ತು ಎರಡೂ ಅವನ ಜೊತೆಗಿದ್ದವು. ತಂಗೆವ್ವ ಆ ಸಂಜೆ ಓಣಿ ಓಣಿ ತಿರುಗಿದಳು. ಗಂಟಲಮಾರಿ ಎಂಬ ಹೆಸರು ಕೇಳಿದ ಕೂಡಲೇ ಜನ ತಮ್ಮ ಮಕ್ಕಳನ್ನು ಒಳಗೆ ಎಳೆದುಕೊಂಡರು. ಒಬ್ಬರ ಎತ್ತಿಗೆ ಕಾಲು ನೋವು, ಒಬ್ಬರ ಗಾಡಿಗೆ ಕೀಲು ಇಲ್ಲ. ಕಡೆಗೆ ಊರ ಗೌಡರು ಮನಸ್ಸು ಕರಗಿ, ಬೆಳಿಗ್ಗೆ ತಮ್ಮ ಗಾಡಿಯನ್ನು ಆಳಿನ ಕೂಡ ಕಳಿಸುವುದಾಗಿ ಮಾತು ಕೊಟ್ಟರು. ಕೊಟ್ಟ ಮಾತಿನಂತೆ ಬೆಳಿಗ್ಗೆ ಗಾಡಿ ಹೂಡಿದ್ದೂ ನಿಜ.

ಆ ಬೆಳಿಗ್ಗೆಯೇ ವಿಮಾನ ಇಳಿಯಿತು.

ನಾನು ಹಾಜರಿ ಕರೆಯುತ್ತಿದ್ದೆ. ಮೊದಲು ಗಾಣದ ಸಪ್ಪಳವೆಂದುಕೊಂಡೆ, ಆಮೇಲೆ ಗಾಣ ಆಕಾಶದಲ್ಲಿರುವುದಿಲ್ಲವೆಂದು ಹೊಳೆಯಿತು. ಹೊರಗೆ ಓಡಿ ಬಂದು ನೋಡಿದರೆ, ನಮ್ಮ ಸಾಲೆಯ ಹಂಚು ಹಾರಿಹೋಗುವಂತೆ ತೀರ ತಗ್ಗಿನಲ್ಲಿ ಹಾಯ್ದು, ಒಮ್ಮೆ ಕೆಮ್ಮಿದಂತೆ ಸಪ್ಪಳ ಮಾಡಿ, ಊರಾಚೆಯ ಮಡ್ಡಿಯ ಗಟ್ಟಿ ಕಲ್ಲುನೆಲದ ಮೇಲೆ ಅದು ಕುಪ್ಪಳಿಸುತ್ತ ಹೋಗಿ ನಿಂತಿತು. ಒಂದು ತಾಸಿನೊಳಗೆ ಮೂಡಲಗಿಯಲ್ಲಿ ಒಲೆಯ ಮುಂದೆ ಒಬ್ಬರೂ ಉಳಿಯಲಿಲ್ಲ. ಗಾಣದ ಎತ್ತು ತಾನೇ ನಿಂತಿತು. ಗೌಡರ ಗಾಡಿಯ ಆಳೂ ಹೂಡಿದ ಎತ್ತುಗಳನ್ನು ತಂಗೆವ್ವನ ಬಾಗಿಲಲ್ಲೇ ಬಿಟ್ಟು ಮಡ್ಡಿಗೆ ಓಡಿದ. ಅವನನ್ನು ನಾನು ಬಯ್ಯಲಾರೆ. ಸಾಲೆ ಬಿಟ್ಟು ಓಡಿದವರಲ್ಲಿ ನಾನೇ ಮೊದಲಿಗ.

ಅದರಿಂದ ಇಳಿದವನು ಒಬ್ಬನೇ, ನಡುವಯಸ್ಸಿನ ಕೆಂಪು ಮುಖದ ಸಾಹೇಬ, ತೊಗಲಿನ ಟೊಪ್ಪಿಗೆ. ಯಾವುದೋ ಎಣ್ಣೆಯ ಕೊಳವೆ ಬಿರಿದಿತ್ತಂತೆ. ಗೌಡರು ಕುರ್ಚಿ ತರಿಸಿದರು, ಹಾಲು ತರಿಸಿದರು, ನನ್ನನ್ನು ಕರೆಸಿದರು. ಇಡೀ ಊರಿನ ಕಣ್ಣೆದುರು ನಾನು ಸಾಹೇಬನ ಮುಂದೆ ನಿಂತೆ.  ನಾನಾಡಿದ ಮೊದಲ ವಾಕ್ಯ ಅವನಿಗೆ ತಿಳಿಯಿತು! ಅವನಾಡಿದ ಉತ್ತರ ನನಗೂ ತಿಳಿಯಿತು! ಆ ಹೊತ್ತಿನ ಸುಖವನ್ನು ನಾನು ಬಚ್ಚಿಡುವುದಿಲ್ಲ. ಮದುವೆಯ ದಿನವೂ ನಾನು ಅಷ್ಟು ಸುಖಪಟ್ಟವನಲ್ಲ. ಸಾಹೇಬ ಕೊಳವೆಗೆ ಪಟ್ಟಿ ಸುತ್ತುತ್ತ, ತಂತಿ ಬಿಗಿಯುತ್ತ ಕೆಲಸ ಮಾಡುತ್ತಿದ್ದಷ್ಟು ಹೊತ್ತೂ ನಾನು ಬಾಜೂಕ್ಕೆ ನಿಂತು ಒಂದಾದ ಮೇಲೊಂದು ಪ್ರಶ್ನೆ ಕೇಳಿದೆ, ಉತ್ತರಗಳನ್ನು ಜನರಿಗೆ ಕನ್ನಡದಲ್ಲಿ ಹಂಚಿದೆ. ಎಲ್ಲಿಂದ ಬಂದಿರಿ? ಬೆಂಗಳೂರಿನಿಂದ. ಎಲ್ಲಿಗೆ? ಮುಂಬಯಿಗೆ. ಇಲ್ಲಿಂದ ಮುಂಬಯಿ ಎಷ್ಟು ದೂರ? ನೆಟ್ಟಗೆ ಹಾರಿದರೆ ಇನ್ನೂರ ಮೂವತ್ತು ಮೈಲಿನ ಸುಮಾರು. ಎಷ್ಟು ಹೊತ್ತು? ಗಾಳಿ ಒಳ್ಳೆಯದಿದ್ದರೆ ಮೂರು ತಾಸಿನೊಳಗೆ. ಜನ ‘ಹಾ’ ಎಂದರು. ನನ್ನ ಕರಿಹಲಗೆಯ ಲೆಕ್ಕಗಳೆಲ್ಲ ಸರಿಯಾಗಿದ್ದವು.

ವಿಮಾನದಲ್ಲಿ ಎರಡು ಕುಳಿಗಳಿದ್ದವು, ಒಂದರ ಹಿಂದೆ ಒಂದು. ಹಿಂದಿನದರಲ್ಲಿ ಸಾಹೇಬ ಕೂಡುತ್ತಿದ್ದ. ಮುಂದಿನದರಲ್ಲಿ ಒಂದು ಕಂಬಳಿಯ ಸುರುಳಿಯಿತ್ತು, ಅಷ್ಟೇ. ಕೆಲಸ ಮುಗಿದು ಕೈ ಒರೆಸಿಕೊಳ್ಳುವಾಗ ಸಾಹೇಬ ಆ ಕುಳಿಯನ್ನು ತೋರಿಸಿ, ‘ಜಾಗ ಖಾಲಿ ಇದೆ, ಮಾಸ್ತರ, ಬರುತ್ತೀಯೇನು ಮುಂಬಯಿಗೆ? ಸಂಜೆಯ ಚಹಕ್ಕೆ ಮುಟ್ಟುತ್ತೇವೆ’ ಎಂದು ನಕ್ಕ. ನಾನು ಅದನ್ನು ಜನರಿಗೆ ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗೆಯ ನಡುವೆ ಜನರನ್ನು ಸರಿಸಿಕೊಂಡು ತಂಗೆವ್ವ ಬಂದಳು.

ಆಕೆ ವಿಮಾನ ನೋಡಲು ಬಂದವಳಲ್ಲ. ಗಾಡಿಯ ಆಳನ್ನು ಹುಡುಕುತ್ತ ಬಂದಿದ್ದಳು. ಹುಡುಗಿಯನ್ನು ನೆರೆಮನೆಯ ಮುದುಕಿಯ ಮಡಿಲಲ್ಲಿ ಬಿಟ್ಟಿದ್ದಳು. ತಲೆಯ ಮೇಲೆ ಸೆರಗಿರಲಿಲ್ಲ. ನನ್ನ ಮಾತಿನ ಕಡೆಯ ಭಾಗ ಅವಳ ಕಿವಿಗೆ ಬಿದ್ದಿತ್ತು.

‘ಮಾಸ್ತರ್ರ, ಜಾಗಾ ಐತಿ ಅಂದ್ರಿ?’ ಎಂದಳು. ‘ಆ ಜಾಗಾ ನನ್ನ ನೀಲವ್ವಗ ಕೊಡಸ್ರಿ. ಮಿರಜಕ್ಕ ಇಳಿಸಿ ಹೋಗಂತ ಹೇಳ್ರಿ. ಕೂಸಿಗಿ ಉಸಿರಾಡಾಕ ಆಗವಲ್ದು.’

ನಗೆ ನಿಂತಿತು. ಗೌಡರು ನನ್ನ ಮೊಣಕೈ ಮುಟ್ಟಿ, ‘ಅಂಟಬ್ಯಾನಿ ಐತಿ, ಮಾಸ್ತರ. ಸಾಹೇಬ ಸಿಟ್ಟಿಗೆದ್ರ ಊರ ಹೆಸರ ಕೆಡತೈತಿ. ನೋಡಿ ಮಾತಾಡ್ರಿ’ ಎಂದರು. ಬೇಡ ಎಂದು ಅವರು ಹೇಳಲಿಲ್ಲ. ಅದನ್ನು ಇಲ್ಲಿ ಸ್ಪಷ್ಟಪಡಿಸಬೇಕು, ಏಕೆಂದರೆ ಬಹಳ ವರ್ಷ ನಾನು ನನ್ನ ಮನಸ್ಸಿನಲ್ಲಿ ಅವರ ಬಾಯಿಗೆ ಆ ಮಾತನ್ನು ತುರುಕಿ ನೋಡಿದ್ದೇನೆ. ‘ನೋಡಿ ಮಾತಾಡ್ರಿ’ ಎಂದಷ್ಟೇ ಅಂದರು.

ನಾನು ಸಾಹೇಬನ ಕಡೆ ತಿರುಗಿದೆ. ಕೇಳಬೇಕೆಂದೇ ತಿರುಗಿದೆ. ಗಂಟಲಮಾರಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ತಿಳಿಯದು. ‘ಸಾಯಲಿರುವ ಹುಡುಗಿ’ ಎನ್ನಲು ಬರುತ್ತಿತ್ತು, ಆದರೆ ಅದರ ಹಿಂದೆ ಯಾವ ವಾಕ್ಯ ಬರಬೇಕು, ಎಲ್ಲಿ ವಿನಯದ ಮಾತು ಸೇರಿಸಬೇಕು, ಅವನು ಹುಬ್ಬು ಗಂಟಿಕ್ಕಿದರೆ ಮುಂದೇನು ಹೇಳಬೇಕು? ಬೆಳಗಿನಿಂದ ಗಳಿಸಿದ ಮರ್ಯಾದೆಯೆಲ್ಲ ಒಂದು ತಪ್ಪು ವಾಕ್ಯದಲ್ಲಿ ನೆಲಕ್ಕೆ ಬೀಳುತ್ತದೆಂದು ನನ್ನ ನಾಲಗೆ ಹೆದರಿತು. ಅದಕ್ಕೆ ಬರುತ್ತಿದ್ದ ಪ್ರಶ್ನೆ ಒಂದೇ ಜಾತಿಯದು. ‘ಮಿರಜ ಇಲ್ಲಿಂದ ಎಷ್ಟು ದೂರ, ನಿಮ್ಮ ಯಂತ್ರದಲ್ಲಿ ಎಷ್ಟು ಹೊತ್ತು?’ ಎಂದು ಕೇಳಿದೆ. ಸಾಹೇಬ ನಕಾಶೆ ಬಿಡಿಸಿ ಬೆರಳಿಟ್ಟು, ‘ನಲವತ್ತು ಮೈಲು. ಅರ್ಧ ತಾಸು’ ಎಂದ. ಈಗ ಕೇಳುತ್ತೇನೆ ಎಂದುಕೊಂಡೆ. ‘ನೀವು ಮಿರಜದಲ್ಲಿ ಇಳಿಯುವಿರೇನು?’ ಎಂದು ಕೇಳಿದೆ. ಅವನು ತಲೆಯಲ್ಲಾಡಿಸಿ, ‘ಇಲ್ಲ, ನೇರ ಮುಂಬಯಿಗೆ’ ಎಂದ. ಆಮೇಲೆ ಟೊಪ್ಪಿಗೆಯ ಗುಂಡಿ ಹಾಕಿಕೊಳ್ಳುತ್ತಿದ್ದವನು ನಿಂತು, ನನ್ನ ಮುಖವನ್ನೂ ಹಿಂದೆ ನಿಂತ ಹೆಣ್ಣುಮಗಳ ಮುಖವನ್ನೂ ನೋಡಿ, ‘ಯಾಕೆ? ಅಲ್ಲೇನಾದರೂ ಕೆಲಸವಿತ್ತೆ?’ ಎಂದು ಕೇಳಿದ.

ಅವನೇ ಕೇಳಿದ, ಗೆಳೆಯ. ಬಾಗಿಲನ್ನು ಅವನೇ ತೆರೆದ. ನಾನು, ‘ಏನಿಲ್ಲ ಸಾಹೇಬರೇ, ಸುಮ್ಮನೆ, ಭೂಗೋಳದ ಸಲುವಾಗಿ’ ಎಂದೆ.

ಅಷ್ಟರಲ್ಲಿ ತಂಗೆವ್ವ ಅವನು ತಲೆಯಲ್ಲಾಡಿಸಿದ್ದನ್ನು ಕಂಡಿದ್ದಳು. ನಾನು ತಿರುಗಿದಾಗ ಆಕೆ ನನ್ನನ್ನು ಏನೂ ಕೇಳಲಿಲ್ಲ. ‘ಒಲ್ಲೆ ಅಂದ್ನಲ್ರಿ’ ಎಂದಳು, ಉತ್ತರ ಬೇಕಿಲ್ಲದ ದನಿಯಲ್ಲಿ. ಸೆರಗು ತಲೆಯ ಮೇಲೆ ಎಳೆದುಕೊಂಡು, ಗುಂಪಿನಲ್ಲಿ ಗಾಡಿಯ ಆಳನ್ನು ಕಂಡುಹಿಡಿದು, ಅವನ ತೋಳು ಹಿಡಿದುಕೊಂಡೇ ಊರ ಕಡೆ ನಡೆದಳು. ನಾನು ಬಾಯಿ ಬಿಟ್ಟು ಸುಳ್ಳು ಹೇಳಲಿಲ್ಲ. ಸುಮ್ಮನಿದ್ದೆ. ವಿಮಾನ ಹೊರಡಲು ಇನ್ನೂ ಕಾಲು ತಾಸಿತ್ತು. ಅಷ್ಟೂ ಹೊತ್ತು ನಾನು ಅದರ ರೆಕ್ಕೆಯ ನೆರಳಿನಲ್ಲೇ ನಿಂತಿದ್ದೆ, ಸಾಹೇಬನ ಮುಖ ನನ್ನಿಂದ ಎರಡು ಮಾರು ದೂರದಲ್ಲಿತ್ತು. ಆಗಲೂ ಕೇಳಬಹುದಿತ್ತು. ಆಮೇಲೆ ಧೂಳೆದ್ದಿತು, ಜನ ಕೂಗಿದರು, ಅದು ವಾಯವ್ಯಕ್ಕೆ ಮೂಗು ಮಾಡಿ ಏರಿ ಹೋಯಿತು. ಕಂಬಳಿಯ ಸುರುಳಿಯೊಂದೇ ಮುಂದಿನ ಕುಳಿಯಲ್ಲಿ ಕೂತು ಹೋಯಿತು.

ನಾನು ತಂಗೆವ್ವನ ಮನೆಗೆ ಓಡಿದೆ, ಗಾಡಿಯಲ್ಲಿ ನಾನೂ ಬರುತ್ತೇನೆಂದೆ. ಆಗ ಮಧ್ಯಾಹ್ನ ಹೊರಳಿತ್ತು. ಅಂಟುಬೇನೆಯ ಮಗುವಿನ ಜೊತೆ ಮಾಸ್ತರು ಹೊರಟಿದ್ದನ್ನು ಕಂಡು ಓಣಿಯ ಹೆಂಗಸರು ನನಗೆ ಕೈ ಮುಗಿದರು. ದಾರಿಯೆಲ್ಲ ಕಲ್ಲು ಗೊರಜು, ಎತ್ತುಗಳು ತಮ್ಮ ಹೆಜ್ಜೆಯನ್ನಲ್ಲದೆ ಬೇರೆ ಯಾರ ಅವಸರವನ್ನೂ ಅರಿಯವು. ಆಳು ಎಷ್ಟು ಹೊಡೆದರೂ ತಾಸಿಗೆ ಎರಡೂವರೆ ಮೈಲು. ನನಗೆ ಬೇರೆ ವಿದ್ಯೆಯೇನಿತ್ತು? ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಲೇ ಇದ್ದೆ. ನಾವು ಊರ ಹಳ್ಳ ದಾಟುವಾಗ ವಿಮಾನ ಮಿರಜವನ್ನು ದಾಟಿರಬೇಕು. ನಾಗನೂರಿನ ಬಾವಿಯ ಹತ್ತಿರ ನೀರಿಗೆ ನಿಂತಾಗ ಮುಂಬಯಿಯ ಹಾದಿ ಮುಕ್ಕಾಲು ಸವೆದಿರಬೇಕು.

ನೀಲವ್ವ ತಾಯಿಯ ತೊಡೆಯ ಮೇಲೆ ಕತ್ತನ್ನು ಹಿಂದಕ್ಕೆ ಚಾಚಿ ಮಲಗಿದ್ದಳು. ಒಂದೊಂದು ಉಸಿರಿಗೂ ಗಂಟಲಲ್ಲಿ ಗರಗಸ ಎಳೆದಂತೆ ಸಪ್ಪಳ, ಎದೆಯ ಎಲುಬುಗಳ ನಡುವಿನ ಚರ್ಮ ಒಳಕ್ಕೆ ಹೋಗುತ್ತಿತ್ತು. ನಾಗನೂರು ದಾಟಿದ ಮೇಲೆ ಕಣ್ಣು ತೆರೆದು ನನ್ನನ್ನು ಗುರುತಿಸಿದಳು. ದನಿ ಇರಲಿಲ್ಲ, ತುಟಿಯ ಮೇಲಿಂದ ಓದಿಕೊಳ್ಳಬೇಕಾಯಿತು.

‘ವಿಮಾನ ಹೋತೇನ್ರಿ?’

‘ಹೋತವ್ವ.’

‘ಎಷ್ಟೊತ್ತಿನ ತನಕಾ ಕಾಣಸ್ತರಿ?’

ನಾನು ಎಣಿಸಿರಲಿಲ್ಲ. ‘ನೂರು ಎಣಿಸೂದ್ರಾಗ ಕಣ್ಣಿಗಿ ಮರಿ ಆತು’ ಎಂದೆ. ಆಕೆ ಕಣ್ಣು ಮುಚ್ಚಿದಳು, ಲೆಕ್ಕ ಮಾಡುವಾಗ ಮುಚ್ಚುತ್ತಿದ್ದಂತೆ. ಕಲ್ಲೋಳಿಯ ಮನೆಗಳು ಇನ್ನೂ ಕಂಡಿರಲಿಲ್ಲ, ಬಿಸಿಲು ಇನ್ನೂ ಗಿಡಗಳ ತುದಿಯಲ್ಲಿತ್ತು, ಆ ಗರಗಸದ ಸಪ್ಪಳ ನಿಂತಿತು. ನಿಂತದ್ದು ಮೊದಲು ಆಳಿಗೆ ತಿಳಿಯಿತು. ಅವನು ಹೊಡೆಯುವುದನ್ನು ಬಿಟ್ಟ. ತಂಗೆವ್ವ ಬಹಳ ದೂರದವರೆಗೆ, ‘ಹೊಡಿಯೊ, ಯಾಕ ನಿಂತಿ, ಹೊಡಿಯೊ’ ಎನ್ನುತ್ತಲೇ ಇದ್ದಳು.

ಮರುದಿನ ಮಣ್ಣು ಮಾಡಿದೆವು. ಮೂರನೆಯ ದಿನ ಸಿದ್ರಾಮ ಹುಕ್ಕೇರಿಯಿಂದ ಬಂದ. ಊರ ಅಗಸಿ ಬಾಗಿಲಲ್ಲೇ ಯಾರೋ ಸುದ್ದಿ ಹೇಳಿದ್ದರು. ಮನೆಯ ಮುಂದೆ ಗಾಡಿ ನಿಂತರೂ ಅವನು ಇಳಿಯಲಿಲ್ಲ, ಹಗ್ಗ ಹಿಡಿದುಕೊಂಡು ಕೂತೇ ಇದ್ದ. ನಾನು ಹೋಗಿ ಕೈ ಹಿಡಿದಾಗ ಅವನು ಹೇಳಿದ ಮಾತು: ‘ನೀವು ಸಾಹೇಬನ್ನ ಕೇಳಿದ್ರಂತಲ್ರಿ. ನಮ್ಮಂಥಾವ್ರ ಸಲುವಾಗಿ ಯಾರು ಕೇಳ್ತಾರ್ರಿ.’ ಆ ಹೊತ್ತಿಗೆ ಊರೆಲ್ಲ ಅದೇ ಮಾತಾಗಿತ್ತು. ಕರುಣೆಯಿಲ್ಲದ ಸಾಹೇಬ, ಬೇಡಿಕೊಂಡ ಮಾಸ್ತರು. ನಾನು ಅಲ್ಲಗಳೆಯಬೇಕಿದ್ದರೆ ಆ ಮೊದಲ ವಾರದಲ್ಲಿ ಅಲ್ಲಗಳೆಯಬೇಕಿತ್ತು. ಒಂದು ತಿಂಗಳು ಕಳೆದ ಮೇಲೆ ಅದು ಕಷ್ಟವಾಯಿತು, ಒಂದು ವರ್ಷ ಕಳೆದ ಮೇಲೆ ಆಗದ ಮಾತಾಯಿತು. ನಾನು ವಿಮಾನದ ಲೆಕ್ಕ ಹಾಕುವುದನ್ನು ಬಿಟ್ಟೆ. ಸಾಹೇಬ ಖಂಡಿತ ಒಲ್ಲೆ ಎನ್ನುತ್ತಿದ್ದ ಎಂದು ಮನಸ್ಸಿಗೆ ಹೇಳಿನೋಡಿದೆ. ಒಪ್ಪಿದ್ದರೂ ಮಿರಜದಲ್ಲಿ ಇಳಿಯಲು ಬಯಲು ಸಿಕ್ಕುತ್ತಿರಲಿಲ್ಲ, ಸಿಕ್ಕಿದ್ದರೂ ಮದ್ದು ನಾಟುತ್ತಿರಲಿಲ್ಲ ಎಂದು ಹೇಳಿನೋಡಿದ್ದೇನೆ. ಇರಬಹುದು. ಆದರೆ ಪ್ರತಿ ಸಲವೂ ಅವನು ಟೊಪ್ಪಿಗೆಯ ಗುಂಡಿ ಹಾಕುವುದನ್ನು ನಿಲ್ಲಿಸಿ ‘ಯಾಕೆ?’ ಎಂದು ಕೇಳುತ್ತಾನೆ. ಕೇಳುವ ಮನಸ್ಸಿಲ್ಲದವನು ಹಾಗೆ ನಿಂತು ಕೇಳುವುದಿಲ್ಲ.

ಆಮೇಲೆ ನನಗೆ ಹುಕ್ಕೇರಿಗೆ ವರ್ಗವಾಯಿತು. ಎರಡು ಬುತ್ತಿಯ ದಾರಿಯನ್ನು ನನಗೂ ಆ ಊರಿಗೂ ನಡುವೆ ಹಾಕಿಕೊಂಡು ಬದುಕಬಹುದೆಂದು ತಿಳಿದೆ. ಆದರೆ ಪ್ರತಿ ವರ್ಷ ಗಾಣ ಮುಗಿದ ಮೇಲೆ ಸಿದ್ರಾಮನ ಗಾಡಿ ಬರುತ್ತಿತ್ತು. ತಂಗೆವ್ವ ಕಳಿಸಿದ್ದೆಂದು ಹೇಳಿ ಅವನು ನಮ್ಮ ಮನೆಯಲ್ಲಿ ಹೊಸ ಬೆಲ್ಲದ ಒಂದು ಪೆಂಟಿ ಇಳಿಸಿ ಹೋಗುತ್ತಿದ್ದ. ನನ್ನ ಹೆಂಡತಿ ಮಕ್ಕಳು ಅದನ್ನು ತಿಂದರು. ನಾನು ಹನ್ನೆರಡು ವರ್ಷ ಬೆಲ್ಲ ಮುಟ್ಟಿಲ್ಲ. ಪಿತ್ತ ಎಂದು ಹೇಳಿದ್ದೇನೆ.

ಕಳೆದ ಸಂಕ್ರಾಂತಿಯ ಹಿಂದೆಮುಂದೆ, ಕ್ಷೌರದ ಅಂಗಡಿಯಲ್ಲಿ ವಿಮಾನಗಳ ಆ ಪಟ್ಟಿಯನ್ನು ಯಾರೋ ಓದುವುದನ್ನು ಕೇಳಿ, ಅರ್ಧ ಕ್ಷೌರದಲ್ಲೇ ನಿಶ್ಚಯ ಮಾಡಿದೆ. ಹೇಳಿಬಿಡಬೇಕು. ಆಕೆ ಬಯ್ದರೆ ಬಯ್ಯಲಿ, ಊರಿನ ನಡುವೆ ನಿಲ್ಲಿಸಿ ಮುಖಕ್ಕೆ ಉಗಿದರೆ ಉಗಿಯಲಿ. ಮೋಟಾರು ಹಿಡಿದು ಗೋಕಾಕಕ್ಕೆ ಹೋಗಿ, ಅಲ್ಲಿಂದ ಯಾರದೋ ಗಾಡಿಯಲ್ಲಿ ಮೂಡಲಗಿಗೆ ಹೋದೆ. ತಂಗೆವ್ವ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ಆಗ ತೊಟ್ಟಿಲಲ್ಲಿದ್ದ ಕೂಸು ಈಗ ಉದ್ದ ಲಂಗದ ಹುಡುಗಿಯಾಗಿ ಬಾಗಿಲಲ್ಲಿ ನಿಂತಿತ್ತು, ಮುಖ ಅಕ್ಕನದೇ.

‘ಬಾರವ್ವ ಇಲ್ಲೆ, ಮಾಸ್ತರ್ರಿಗಿ ಶರಣ ಮಾಡು’ ಎಂದು ತಂಗೆವ್ವ ಅವಳನ್ನು ಕರೆದಳು. ‘ಇವರ ನೋಡು, ನಿಮ್ಮ ಅಕ್ಕನ ಸಲುವಾಗಿ ಸಾಹೇಬನ ಕಾಲ ಹಿಡದಾವ್ರು.’

ಕಾಲು ಹಿಡಿದವರು. ಹನ್ನೆರಡು ವರ್ಷಗಳಲ್ಲಿ ಆ ಕಥೆ ಅಷ್ಟು ಬೆಳೆದಿತ್ತು. ಹುಡುಗಿ ನಮಸ್ಕರಿಸಿ ಒಳಗೆ ನೀರು ತರಲು ಹೋದಳು. ನಾನು ಕಟ್ಟೆಯ ಮೇಲೆ ಕೂತು, ದಾರಿಯುದ್ದಕ್ಕೂ ಉರುಹೊಡೆದುಕೊಂಡು ಬಂದಿದ್ದ ಮಾತನ್ನು ಶುರುಮಾಡಿದೆ.

‘ತಂಗೆವ್ವ, ಅವತ್ತ ಮಡ್ಡಿ ಮ್ಯಾಲ ನಾನು ಆ ಸಾಹೇಬಗ… ಖರೆ ಹೇಳಬೇಕಂದ್ರ…’

ಆಕೆಯ ಕೈಯಲ್ಲಿ ಮೊರ ನಿಂತಿತು. ಒಮ್ಮೆ ನನ್ನ ಮುಖ ನೋಡಿದಳು. ಆ ನೋಟದಲ್ಲಿ ಏನಿತ್ತೆಂದು ನನಗೆ ಇಂದಿಗೂ ತಿಳಿದಿಲ್ಲ. ಆಗಲೇ ತಿಳಿದಿತ್ತೋ, ಆ ಕ್ಷಣದಲ್ಲಿ ತಿಳಿಯಿತೋ, ತಿಳಿಯಬಾರದೆಂದು ಹಟವೋ.

‘ಮಾಸ್ತರ್ರ,’ ಎಂದಳು ಮೆಲ್ಲಗೆ, ‘ಅಂವ ಒಲ್ಲೆ ಅಂದ, ಹೋತು. ಊರಾಗ ಹೊತ್ತಿಗಿ ಯಾರೂ ಗಾಡಿ ಕೊಡಲಿಲ್ಲ, ಅದೂ ಹೋತು. ಇವರಪ್ಪ ಮನ್ಯಾಗ ಇರಲಿಲ್ಲ. ಎಲ್ಲಾ ಹೋತ್ರಿ. ಒಬ್ಬರರ ನನ್ನ ಕೂಸಿನ ಸಲುವಾಗಿ ಬಾಯಿ ತಗದ ಕೇಳಿದ್ರಲ್ಲ, ಅದೊಂದ ನನಗ ಉಳದೈತಿ.’ ಮೊರವನ್ನು ಕೆಳಗಿಟ್ಟಳು. ‘ಕೇಳಿದ್ರಿ, ಹೌದಲ್ರಿ?’

ಒಳಗಿನಿಂದ ಹುಡುಗಿ ನೀರಿನ ತಂಬಿಗೆ ಹಿಡಿದುಕೊಂಡು ಬರುತ್ತಿದ್ದಳು.

‘ಹೌದವ್ವ’ ಎಂದೆ. ‘ಕೇಳಿದ್ನಿ. ಎರಡ ಸಲ ಕೇಳಿದ್ನಿ.’

ತಂಗೆವ್ವ ತಲೆಯಾಡಿಸಿ ಮತ್ತೆ ಜೋಳ ಕೇರತೊಡಗಿದಳು.